ನಿಮ್ಮ ಕಸದ ಬುಟ್ಟಿಯಲ್ಲಿ ಇನ್ನೊಬ್ಬರ ಅನ್ನವಿದೆ!

ಗೆಳೆಯರೇ, ನವೆಂಬರ್ ಒಂದರಂದು ಬಾವುಟ ಕಟ್ಟುತ್ತೀರಿ, ಊಟ ಹಂಚುತ್ತೀರಿ, ಜೈಕಾರ ಹಾಕಿ ಮನೆಗೆ ಹೋಗುತ್ತೀರಿ. ಮರುದಿನ ಬೆಳಕು ಹರಿಯುವ ಮುನ್ನ ಆ ತಟ್ಟೆ, ಲೋಟ, ಬಾಟಲಿಗಳನ್ನು ಆಯುವ ಕೈ ಯಾರದು? ಎಂದಾದರೂ ಕೇಳಿದ್ದೀರಾ?

ಚಿಂದಿ ಆಯುವವರದು! ಅವರಿಗೆ ಪಾಲಿಕೆಯ ಸಂಬಳವಿಲ್ಲ, ರಜೆಯಿಲ್ಲ, ಪಿಂಚಣಿಯಿಲ್ಲ. ದಶಕಗಳ ಕಾಲ ಬೆಂಗಳೂರು ಅವರನ್ನು ಕಳ್ಳರಂತೆ ಕಂಡಿತು. ಕೊನೆಗೆ ಅವರು ಸಂಘಟಿತರಾದರು. 2011ರಿಂದೀಚೆಗೆ ಅಂದಿನ ಬಿಬಿಎಂಪಿ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳದಂಥ ಸಂಸ್ಥೆಗಳ ಒತ್ತಾಸೆಯಿಂದ ಕೆಲವರು ವಾರ್ಡಿನ ಒಣತ್ಯಾಜ್ಯ ಸಂಗ್ರಹ ಕೇಂದ್ರಗಳನ್ನೇ ನಡೆಸತೊಡಗಿದರು. ಇದು ಯಾರೂ ಹಾಕಿದ ಭಿಕ್ಷೆಯಲ್ಲ. ದುಡಿಮೆಗೆ ಸಂದ ಮರ್ಯಾದೆ!

ಈ ಕೇಂದ್ರಗಳು ಉಳಿಯುವುದು ಹೇಗೆ? ಕಾಗದ, ರಟ್ಟು, ಪ್ಲಾಸ್ಟಿಕ್ ಬೇರೆ ಮಾಡಿ ಮಾರಿದರೆ ಮಾತ್ರ ಅಲ್ಲಿಗೆ ಕಾಸು. ಸಾರು ಸುರಿದ ರಟ್ಟಿಗೆ ಗುಜರಿ ಅಂಗಡಿಯಲ್ಲಿ ಬೆಲೆಯಿಲ್ಲ. ಒಡೆದ ಗಾಜು ಸೇರಿಕೊಂಡಿದ್ದರೆ ಕೈ ಕುಯ್ಯುತ್ತದೆ. ಬಳಸಿದ ಪ್ಯಾಡ್ ಬಿಚ್ಚಿಕೊಂಡರೆ ಸೋಂಕು ತಗಲುತ್ತದೆ. ನಿಮ್ಮ ಒಂದು ನಿಮಿಷದ ಸೋಮಾರಿತನಕ್ಕೆ ಅವರ ಕೂಲಿ ಬಲಿ!

ಮಾವಳ್ಳಿಪುರ ಮರೆತಿರಾ? ಮಂಡೂರು ಮರೆತಿರಾ? ನಾವು ಬೆರೆಸಿ ಕಳಿಸಿದ ಕಸ ಆ ಹಳ್ಳಿಗಳ ನೀರು ಕೆಡಿಸಿತು. 2012ರಲ್ಲಿ ಮಾವಳ್ಳಿಪುರದವರು, 2014ರಲ್ಲಿ ಮಂಡೂರಿನವರು ‘ಇನ್ನು ಸಾಕು’ ಎಂದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೂ ಬೆರೆಸಿ ಕೊಡುವ ಮನೆಗಳು ಇಂದಿಗೂ ಇವೆ. ಕೋರ್ಟು ಆದೇಶ ಕೊಡಬಹುದು. ನಿಮ್ಮ ಅಡುಗೆಮನೆಗೆ ಬಂದು ಕಸ ವಿಂಗಡಿಸಲು ಸಾಧ್ಯವೇ?

ಯುವಕ ಯುವತಿಯರೇ, ಇವತ್ತೇ ಶುರುಮಾಡಿ. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ಚೀಲ. ಪ್ಯಾಡ್, ಡಯಾಪರ್‌ಗಳನ್ನು ಹಳೆ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಕೆಂಪು ಬುಟ್ಟಿಗೆ ಹಾಕಿ. ಈ ಭಾನುವಾರ ನಾಲ್ವರು ಗೆಳೆಯರನ್ನು ಕರೆದುಕೊಂಡು ನಿಮ್ಮ ವಾರ್ಡಿನ ಕೇಂದ್ರಕ್ಕೆ ಹೋಗಿ. ಕೆಲಸ ಮಾಡುವ ಹೆಣ್ಣುಮಕ್ಕಳನ್ನು ‘ಏನಕ್ಕಾ, ಹೇಗಿದ್ದೀರಿ?’ ಎಂದು ಮಾತಾಡಿಸಿ. ಅಲ್ಲಿ ನೀರಿದೆಯೇ, ಕರೆಂಟಿದೆಯೇ, ಶೌಚಾಲಯವಿದೆಯೇ ನೋಡಿ. ಇಲ್ಲವೆಂದರೆ ಇಡೀ ಬೀದಿಯ ಸಹಿ ಮಾಡಿಸಿ, ಪಾಲಿಕೆ ಕಚೇರಿಗೆ ಅಚ್ಚ ಕನ್ನಡದಲ್ಲಿ ಅರ್ಜಿ ಕೊಡಿ. ಸ್ವೀಕೃತಿ ಪಡೆಯದೆ ವಾಪಸು ಬರಬೇಡಿ!

ತನ್ನ ಅರ್ಜಿ ತಾನೇ ಬರೆಯಲಾರದ ತಾಯಿಯ ಪರವಾಗಿ ನಾಲ್ಕು ಸಾಲು ಬರೆಯುವುದೂ ಕನ್ನಡದ ಕೆಲಸವೇ. ಏಳಿ, ಪೆನ್ನು ಹಿಡಿಯಿರಿ!