ಪಡಸಾಲೆಯ ಮಾತು: ಹೋದವರ ಸುದ್ದಿ

ಸೋದರಿಯರೇ, ಈ ಸಲ ಅಡುಗೆಯ ಮಾತು ಬೇಡ. ಶೇಂಗಾ ಹೋಳಿಗೆ ಲಟ್ಟಿಸುವಾಗ ಯಾಕೆ ಒಡೆಯುತ್ತದೆಂದು ಶಿಗ್ಗಾಂವಿಯ ಓದುಗರೊಬ್ಬರು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಗೆ ತೆಗೆದಿಟ್ಟಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊನ್ನೆ ಮಗ ಮನೆಯಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಸಿನಿಮಾ ಹಚ್ಚಿದ. 2025ರ ಜನವರಿಯಲ್ಲಿ ಬಂದದ್ದು. ವಿಮಾನಗಳ ಗದ್ದಲ ಕೇಳಲಾರದೆ ರೊಟ್ಟಿ ಬಡಿಯಲು ಎದ್ದೆ. "ಅವ್ವಾ, ಇದು ನಮ್ಮ ಕೊಡಗಿನವರ ಕಥಿ, ಹೆಸರಷ್ಟ ಬದಲು ಮಾಡ್ಯಾರ" ಅಂದ. ಮತ್ತೆ ಕೂತೆ. ಸಿನಿಮಾ ಮುಗಿದ ಮೇಲೆ ನಿಜವಾದ ಸಂಗತಿಯನ್ನು ಅವನಿಂದಲೇ ಹುಡುಕಿಸಿ ಓದಿದೆ. ಸಿನಿಮಾಕ್ಕಿಂತ ಅದೇ ಮನಸ್ಸಿಗೆ ಹತ್ತಿತು.

ಅವರ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ, ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್. 1965ರಲ್ಲಿ ವಯಸ್ಸು 32. ವಿಮಾನ ಹಾರಿಸುವುದನ್ನು ಹೊಸಬರಿಗೆ ಕಲಿಸುವ ಮೇಷ್ಟ್ರಾಗಿದ್ದವರನ್ನು ಯುದ್ಧ ಶುರುವಾದಾಗ ಮಿಸ್ಟೇರ್ ವಿಮಾನಗಳ ದಳಕ್ಕೆ ಕರೆಸಿದರು. ನೆಲದ ಮೇಲಿನ ಗುರಿಗೆ ಬಾಂಬು, ರಾಕೆಟ್ಟು ಹಾಕುವ ಫ್ರಾನ್ಸ್ ದೇಶದ ವಿಮಾನ ಅದು. ಕೂರುವುದು ಒಬ್ಬರೇ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದವರು ಪಠಾಣಕೋಟೆಯ ಮೇಲೆ ದಾಳಿ ಮಾಡಿದ್ದರು. ಮರುದಿನ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ 12 ಮಿಸ್ಟೇರ್‌ಗಳು ಸರ್ಗೋಧಾಕ್ಕೆ ಹೊರಡಬೇಕಿತ್ತು. ದೇವಯ್ಯನವರು ಆ ಹನ್ನೆರಡರಲ್ಲಿ ಇರಲಿಲ್ಲ. ಹಬ್ಬದ ಪಂಕ್ತಿಗೆ ನಾವು ಒಂದೆರಡು ಎಲೆ ಹೆಚ್ಚಿಗೆ ಹಾಕಿಡುವುದಿಲ್ಲವೇ, ಹಾಗೆ ತಯಾರಾಗಿ ನಿಂತಿದ್ದವರು. ಒಂದು ವಿಮಾನ ಹಿಂದೆ ಬಿತ್ತು, ಇವರು ಹೋದರು. ಕೊಡಗಿನಲ್ಲಿ ಕೋವಿ, ಕತ್ತಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಬರುವುದು ಸೆಪ್ಟೆಂಬರ್ 3ಕ್ಕೆ. ಮನೆಗಳಲ್ಲಿ ಹಬ್ಬದ ಹೂವು ಇನ್ನೂ ಒಣಗಿರಲಿಕ್ಕಿಲ್ಲ.

ಉಳಿದವರು ತಿರುಗಿ ಬಂದರು. ಇವರು ಬರಲಿಲ್ಲ. ಸರ್ಕಾರದ ಕಾಗದದಲ್ಲಿ ‘ಕಾಣೆಯಾದವರು’ ಎಂದು ದಾಖಲಾಯಿತು. ಮನೆಯಲ್ಲಿ ಹೆಂಡತಿ ಸುಂದರಿ ದೇವಯ್ಯ, ಎಳೆಯ ಹೆಣ್ಣುಮಕ್ಕಳು.

ಅಲ್ಲಿ ಆದದ್ದೇನೆಂದು ಗೊತ್ತಾದದ್ದು 1979ರಲ್ಲಿ. ಅದೂ ಪಾಕಿಸ್ತಾನದ ಕಡೆಯಿಂದ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು ಆ ವಾಯುಪಡೆಯವರನ್ನು ಮಾತಾಡಿಸಿ ಪುಸ್ತಕ ಬರೆದರು. ಸರ್ಗೋಧಾದಿಂದ ತಿರುಗುತ್ತಿದ್ದ ಒಂದು ಮಿಸ್ಟೇರ್ ಅನ್ನು ಅಮ್ಜದ್ ಹುಸೇನ್ ಎಂಬುವರು ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿದ್ದರು. ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡು ಪಟ್ಟು ವೇಗದ್ದು, ಮಿಸ್ಟೇರ್ ಅದರ ಮುಂದೆ ಎತ್ತಿನ ಗಾಡಿ. ಗುಂಡೇಟು ತಿಂದ ಮೇಲೂ ಆ ಮಿಸ್ಟೇರ್ ಓಡಿಹೋಗಲಿಲ್ಲ, ತಿರುಗಿ ಬಿದ್ದು ಸ್ಟಾರ್‌ಫೈಟರನ್ನೇ ಕೆಡವಿತು. ಅಮ್ಜದ್ ಹುಸೇನ್ ಛತ್ರಿ ಬಿಚ್ಚಿ ಇಳಿದು ಬದುಕಿದರು. ಮಿಸ್ಟೇರಿನಲ್ಲಿದ್ದವರು ದೇವಯ್ಯ. ಅವರ ದೇಹ ಸಿಕ್ಕಿದ್ದು ಹಳ್ಳಿಯ ಜನಕ್ಕೆ. ಅಲ್ಲೇ ಹೊಲದಲ್ಲಿ ಮಣ್ಣು ಮಾಡಿದ್ದರು.

ಆ ದಿನ ದಾಳಿಯ ಮುಂದಾಳಾಗಿದ್ದ ತನೇಜಾ ಎಂಬ ಅಧಿಕಾರಿ ಇದನ್ನು ತಿಳಿದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ಹೋಗಿ 23 ವರ್ಷದ ಮೇಲೆ! ಎಳೆಯ ಮಕ್ಕಳು ದೊಡ್ಡವರಾಗಿರಬೇಕಲ್ಲವೇ?

ನಮ್ಮ ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. ನೀವು ನೋಡಿರುತ್ತೀರಿ. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತದ್ದು. ಓದು ಬಾರದ ಹೆಂಗಸಿಗೂ ತನ್ನವನು ಹೇಗೆ ಹೋದ, ಎಲ್ಲಿಗೆ ಹೋದ ಎಂದು ಆ ಕಲ್ಲು ಹೇಳುತ್ತಿತ್ತು. ‘ಕಾಣೆಯಾದವರು’ ಎಂಬ ಕಾಗದ ಏನು ಹೇಳುತ್ತದೆ?

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಓಣಿಯಲ್ಲಿ ಸವಣೂರ ಕಡೆಯ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಚಿಗವ್ವ. ಗಂಡ ದುಡಿಯಲು ಗೋವಾಕ್ಕೆ ಹೋದವರು ಬರಲಿಲ್ಲ, ಸುದ್ದಿಯೂ ಇಲ್ಲ. ಇಪ್ಪತ್ತು ವರ್ಷದ ಮೇಲಾಯಿತು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ತೀರಿಕೊಂಡಂತೆ ಎಂದು ಕಾನೂನು ಎಣಿಸುತ್ತದೆ. ಆಸ್ತಿಪಾಸ್ತಿಗೆ ಅದು ಸರಿ. ಆದರೆ ಶ್ರಾವಣದ ಶುಕ್ರವಾರ ಯಾರಿಗೆ ಕುಂಕುಮ ಕೊಡಬೇಕು ಎಂಬುದನ್ನು ಕೋರ್ಟು ಹೇಳುವುದಿಲ್ಲವಲ್ಲ. ನಾವೇ ಹೇಳುತ್ತೇವೆ, ಬಾಯಿ ಬಿಡದೆ. ಚಿಗವ್ವ ಹಣೆಗೆ ಇಟ್ಟುಕೊಳ್ಳುತ್ತಾರೆ. ನಾನು ಮಾತ್ರ ಒಂದು ವರ್ಷ ತಟ್ಟೆ ಹಿಡಿದು ಅವರನ್ನು ದಾಟಿ ಆಚೆಯವರಿಗೆ ಕೊಟ್ಟೆ. ಅತ್ತೆಯವರು ಕಣ್ಣಸನ್ನೆ ಮಾಡಿದ್ದರು ಎಂದರೆ ಸುಳ್ಳಲ್ಲ, ಆದರೆ ಕೈ ನನ್ನದೇ. ಚಿಗವ್ವ ಏನೂ ಅನ್ನಲಿಲ್ಲ. ಕೋಸಂಬರಿ ಚೆನ್ನಾಗಿದೆ ಅಂದರು. ಮುಂದಿನ ವರ್ಷದಿಂದ ಬರುವುದು ಬಿಟ್ಟರು.

ಸಿನಿಮಾ ನೋಡಿದ ಮರುದಿನ ನಾನೇ ಹೋಗಿ ಕರೆದುಕೊಂಡು ಬಂದೆ. ಹಬ್ಬವೇನೂ ಇರಲಿಲ್ಲ. ಅರಿಷಿಣ ಕುಂಕುಮ ಕೊಟ್ಟು, ಸವಣೂರ ಎಲೆಯನ್ನೇ ತರಿಸಿದ್ದೆ, ಅಡಿಕೆಯೊಂದಿಗೆ ಕೈಗಿಟ್ಟೆ. ಅವರು ಅದನ್ನು ಸೆರಗಿಗೆ ಕಟ್ಟಿಕೊಂಡರು. ದೇವಯ್ಯನವರ ಕಥೆಯನ್ನು ಮೊದಲಿಂದ ಹೇಳಿದೆ. ವಿಮಾನದ ಮಾತಿಗೆಲ್ಲ ಬರೀ ಹೂಂಗುಟ್ಟಿದ ಚಿಗವ್ವ ಕೊನೆಗೆ ಕೇಳಿದ್ದು ಒಂದೇ:

"ಮಣ್ಣು ಮಾಡೂಮುಂದ ಆ ಊರಾಗಿನ ಹೆಣ್ಣುಮಕ್ಕಳು ಯಾರರೆ ಬಂದು ಒಂದ್ ಹನಿ ಕಣ್ಣೀರ್ ಹಾಕಿದ್ರೇನ, ತಂಗಿ?"

"ಹಾಕಿರಬೇಕು ಚಿಗವ್ವ" ಅಂದೆ.

ಚಹಾ ಆರಿತ್ತು. ಮತ್ತೊಮ್ಮೆ ಬಿಸಿ ಮಾಡಿ ಕೊಟ್ಟೆ.