ಬಟಾಣಿ ಗಿಡಕ್ಕೆ ನೀರೆರೆಯುವವರು ಯಾರು?

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ರಾಜ್ಯೋತ್ಸವದ ಖರ್ಚುವೆಚ್ಚದ ಮಾತು ಬಂತು. ವಾದ್ಯವೃಂದಕ್ಕೆ ಇಷ್ಟು, ಬೆಂಗಳೂರಿನಿಂದ ಬರುವ ಹಾಸ್ಯ ಕಲಾವಿದರಿಗೆ ಇಷ್ಟು, ಶಾಲು-ಹಾರ-ಫಲತಾಂಬೂಲಕ್ಕೆ ಇಷ್ಟು ಎಂದು ಎಲ್ಲವೂ ಚಕಚಕನೆ ಮಂಜೂರಾದವು. ಕೊನೆಗೆ ನಾನು ಎದ್ದು, "ಈ ವರ್ಷ ಸ್ವತಂತ್ರ ನಿರ್ದೇಶಕನೊಬ್ಬನ ಕನ್ನಡ ಚಿತ್ರವನ್ನು ಹಣ ಕೊಟ್ಟು ತರಿಸಿ ತೋರಿಸೋಣ. ಸಾಧ್ಯವಾದರೆ ಇನ್ನೂ ಕೆಲಸ ನಡೆಯುತ್ತಿರುವ ಚಿತ್ರವೊಂದಕ್ಕೆ ಸಂಘದಿಂದ ಕೈಲಾದಷ್ಟು ಕೊಡೋಣ" ಎಂದೆ. ಸಭೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿರಿಯರೊಬ್ಬರು, ನನ್ನ ಮೇಲೆ ಪ್ರೀತಿ ಇರುವವರೇ, ನಗುತ್ತ ಹೇಳಿದರು: "ರಾಯರೇ, ಆ ಅಳುವ ಸಿನಿಮಾ ಯಾರು ನೋಡ್ತಾರೆ? ಮೊದಲು ಪ್ರಶಸ್ತಿ ಬರಲಿ, ಆಮೇಲೆ ಕರೆಸಿ ಸನ್ಮಾನ ಮಾಡೋಣವಂತೆ." ಎಲ್ಲರೂ ನಕ್ಕರು. ಚಹಾ ಬಂತು, ಸಭೆ ಮುಗಿಯಿತು.

ಆ ನಗೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಯೋಚಿಸಿದ ಮೇಲೆ ಹೊಳೆದದ್ದನ್ನು ಈಗ ನಮ್ಮ ಪತ್ರಿಕೆಯ ಮೂಲಕ ಹೇಳುತ್ತಿದ್ದೇನೆ. ಯಾರ ಮನಸ್ಸಿಗಾದರೂ ನೋವಾದರೆ ಕ್ಷಮೆಯಿರಲಿ; ಆದರೆ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಾರೆ.

ಇಂಥ ಮಾತನ್ನು ನಾವು ಆಡಿದ್ದು ಯಾವ ಊರಿನಲ್ಲಿ ಎಂಬುದನ್ನಾದರೂ ನೆನೆಯಬೇಡವೇ? ದಾದಾಸಾಹೇಬ ಫಾಲ್ಕೆಯವರು 1870ರಲ್ಲಿ ಹುಟ್ಟಿದ್ದು ಇಲ್ಲೇ ತ್ರ್ಯಂಬಕೇಶ್ವರದಲ್ಲಿ. 1944ರಲ್ಲಿ ಕಣ್ಣು ಮುಚ್ಚಿದ್ದು ನಾಸಿಕದಲ್ಲಿ. ಪಾಂಡವ ಲೇಣಿಯ ಬುಡದಲ್ಲಿರುವ ಅವರ ಸ್ಮಾರಕಕ್ಕೆ ನಾವೆಲ್ಲ ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹೋಗಿ ಬಂದವರೇ. ಆದರೆ ಅಲ್ಲಿ ಸ್ಮಾರಕವಾಗಿರುವ ಮನುಷ್ಯ ಎಂಥವನು? ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರ ನೋಡುತ್ತ ಕುಳಿತಿದ್ದಾಗ, ನಮ್ಮ ರಾಮಕೃಷ್ಣರು ಇದೇ ತೆರೆಯ ಮೇಲೆ ಕಾಣುವುದು ಎಂದು ಎಂಬ ಹಂಬಲ ಹತ್ತಿಸಿಕೊಂಡವನು. ಕೈಯಲ್ಲಿ ಕಾಸಿಲ್ಲ. ಜೀವವಿಮೆಯ ಪಾಲಿಸಿ ಒತ್ತೆ ಇಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದ. ತಂದ ಮೇಲೆ ಚಿತ್ರ ತೆಗೆಯಲು ಹಣ ಕೊಡುವವರು ಬೇಕಲ್ಲ? ನೆಂಟರಿಷ್ಟರಿಗೆ ಇದೆಲ್ಲ ಹುಚ್ಚಾಟವಾಗಿ ಕಂಡಿತು. ಆಗ ಅವರು ಕುಂಡದಲ್ಲಿ ಒಂದು ಬಟಾಣಿ ಕಾಳು ಬಿತ್ತಿದರು. ಅದು ಮೊಳೆತು ಚಿಗುರಿ ಬಳ್ಳಿಯಾಗುವವರೆಗೆ ದಿನವೂ ಅದರ ಚಿತ್ರ ತೆಗೆದು ಜೋಡಿಸಿ ತೋರಿಸಿದರು. ನೋಡುವವರ ಕಣ್ಣೆದುರಿಗೇ ಬೀಜ ಗಿಡವಾಯಿತು. ಅದನ್ನು ನೋಡಿ ಹಣ ಕೊಡುವವರೊಬ್ಬರು ಸಿಕ್ಕಿದರು.

ಪ್ರಿಯ ಓದುಗರೇ, ಇಡೀ ವಿಷಯದ ತಿರುಳು ಇದೇ. ಆ ಬಟಾಣಿ ಗಿಡಕ್ಕೆ ಪ್ರಶಸ್ತಿ ಬಂದಿರಲಿಲ್ಲ. ಅದು ಚಿತ್ರವೂ ಅಲ್ಲ, ಚಿತ್ರವಾಗಬಹುದೆಂಬ ಒಂದು ಭರವಸೆ. ಭರವಸೆಗೆ ಯಾರೋ ಕೈಯೊಡ್ಡಿದ್ದರಿಂದ 1913ರ ಮೇ 3ರಂದು ಮುಂಬಯಿಯ ಕಾರೊನೇಶನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ಬಿಡುಗಡೆಯಾಯಿತು. ಹೆಂಡತಿ ಸರಸ್ವತಿಬಾಯಿಯವರು ಒಡವೆ ಕೊಟ್ಟರು, ಕೆಲಸಗಾರರಿಗೆಲ್ಲ ಅಡಿಗೆ ಮಾಡಿ ಬಡಿಸಿದರು, ಚಿತ್ರಸುರುಳಿಗೆ ತೂತು ಹೊಡೆದರು. ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಣ್ಣೂ ಬರಲಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಸೀರೆ ಉಟ್ಟು ನಿಂತ. ನಮ್ಮಲ್ಲಿ ಹೋಟೆಲು ನಡೆಸುವ ಬಂಧುಗಳು ಹೆಮ್ಮೆಪಡಬೇಕಾದ ಸಂಗತಿಯಿದು! ಮುಂದಿನ ಚಿತ್ರಗಳಿಗಾಗಿ ಫಾಲ್ಕೆ ನಾಸಿಕಕ್ಕೇ ಬಂದರು. ‘ಮೊದಲು ಪ್ರಶಸ್ತಿ ಬರಲಿ’ ಎಂದು ಎಲ್ಲರೂ ಅಂದಿದ್ದರೆ, ಅವರ ಹೆಸರಿನ ಪ್ರಶಸ್ತಿ ನಮ್ಮ ರಾಜ್‌ಕುಮಾರ್ ಅವರಿಗಾಗಲಿ, ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗಾಗಲಿ ಬರುವುದಿರಲಿ, ಆ ಪ್ರಶಸ್ತಿಯೇ ಇರುತ್ತಿರಲಿಲ್ಲ.

‘ಅದು ಮರಾಠಿಗರ ಕಥೆಯಾಯಿತು, ಕನ್ನಡದ್ದು ಹೇಳಿ’ ಎನ್ನುವಿರಾ? ಕನ್ನಡ ಚಿತ್ರದ ಬೇರೂ ಈ ನೆಲದಲ್ಲಿದೆ. 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ತೀರ್ಥಹಳ್ಳಿ ಕಡೆಯ ಯುವಕನೊಬ್ಬ ಔಷಧಶಾಸ್ತ್ರದ ಪದವಿ ಪಡೆದು, ಅದನ್ನು ಬದಿಗಿಟ್ಟು, ಸಿನಿಮಾ ಕಲಿಯಲು ಬಂದದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ. ಅವರೇ ಗಿರೀಶ ಕಾಸರವಳ್ಳಿ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಅವರು ಮಾಡಿದ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೆ 1977ರ ಸಾಲಿನ ಸ್ವರ್ಣಕಮಲ ಬಂತು. ಅದರ ಮೂಲ ನೆಗೆಟಿವ್ ಪುಣೆಯ ಚಿತ್ರಭಂಡಾರದಲ್ಲಿ ಉಳಿದಿದ್ದರಿಂದಲೇ, ಹೊಸದಾಗಿ ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದೇ ಪುಣೆಯ ಸಂಸ್ಥೆಯಲ್ಲಿ ಓದಿದ ಚಿದಾನಂದ ನಾಯ್ಕ ಎಂಬ ಮೈಸೂರಿನ ವೈದ್ಯರು, ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತು ಎಂಬರ್ಥದ ಹೆಸರಿನ ಹದಿನಾರು ನಿಮಿಷದ ಕನ್ನಡ ಚಿತ್ರವೊಂದನ್ನು ಮಾಡಿದರು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ. ಅದರ ಕಥೆ ಏನು ಗೊತ್ತೆ? ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದಳು, ಬೆಳಗೇ ಆಗಲಿಲ್ಲ! ನಮ್ಮ ನಿಮ್ಮ ಅಜ್ಜಿಯರು ಮಲಗುವಾಗ ಹೇಳುತ್ತಿದ್ದ ಜಾತಿಯ ಜನಪದ ಕಥೆ.

ಸ್ವತಂತ್ರ ನಿರ್ದೇಶಕನಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಇದು ಉತ್ತರ. ವಿಲಾಯತಿಯಿಂದಲ್ಲ, ನಾವು ಬಿಟ್ಟು ಬಂದ ಹಟ್ಟಿ-ಹಿತ್ತಲುಗಳಿಂದ. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ‘ಪೆಡ್ರೊ’ ಚಿತ್ರಕ್ಕೆ ನಾಯಕನನ್ನು ಹುಡುಕಿಕೊಂಡು ಎಲ್ಲಿಯೂ ಹೋಗಲಿಲ್ಲ. ಸ್ವಂತ ತಂದೆಯನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಅವರ ಮುಂದಿನ ಚಿತ್ರ ‘ವಾಘಾಚಿಪಾಣಿ’ಗೆ ಅಮರೇಶ ನುಗಡೋಣಿಯವರ ಕಥೆ ಆಧಾರ, 2025ರ ಫೆಬ್ರವರಿಯಲ್ಲಿ ಅದು ಬರ್ಲಿನ್ ಚಿತ್ರೋತ್ಸವಕ್ಕೆ ಹೋಯಿತು. ‘ತಿಥಿ’ಯಲ್ಲಿ ಕಾಣುವವರು ಮಂಡ್ಯ ಜಿಲ್ಲೆಯ ಹಳ್ಳಿಗರೇ, ಅವರಲ್ಲಿ ಯಾರೂ ನಟನೆಯನ್ನು ಕಸುಬಾಗಿ ಮಾಡಿದವರಲ್ಲ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದವಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ, ಸಾಲ ತೀರಿಸುವ ಆಸೆಗೆ ಶಕ್ತಿಯ ಪುಡಿ ಮಾರುವ ಸರಪಳಿ ವ್ಯಾಪಾರಕ್ಕೆ ಇಳಿಯುವವಳು. ಆ ಚಿತ್ರಕ್ಕೆ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು.

ಅದನ್ನು ನಮ್ಮ ಮನೆಯಲ್ಲಿ ನಾಲ್ಕಾರು ಜನ ಕೂತು ನೋಡಿದೆವು. ಪಕ್ಕದ ಮನೆಯ ಅಕ್ಕ, ರಾಯಚೂರು ಕಡೆಯವರು, ಧಾರಾವಾಹಿ ಬಿಟ್ಟು ಬೇರೇನೂ ನೋಡದವರು, ಅರ್ಧದಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಕಿ ನಾನs ಅಲ್ಲೇನ್ರೀ" ಎಂದರು. ಗಂಡನಿಗೂ ಹೇಳದೆ ಇಂಥದೇ ಒಂದು ವ್ಯಾಪಾರದಲ್ಲಿ ಚೀಟಿಯ ಹಣ ಕಳೆದುಕೊಂಡದ್ದನ್ನು ಅಂದೇ ಮೊದಲ ಸಲ ಬಾಯಿಬಿಟ್ಟು ಹೇಳಿದರು. ಅಳುವ ಸಿನಿಮಾ ಯಾರು ನೋಡುತ್ತಾರೆ ಎಂದ ಹಿರಿಯರೇ, ಅಂದು ಅತ್ತದ್ದು ಸಿನಿಮಾ ಅಲ್ಲ. ಯಾವ ವಾದ್ಯವೃಂದದ ಮುಂದೆ ಆ ಅಕ್ಕ ತಮ್ಮ ಎದೆಯ ಭಾರ ಇಳಿಸಿಕೊಳ್ಳುತ್ತಿದ್ದರು?

ಇನ್ನು ‘ಪ್ರಶಸ್ತಿ ಬರಲಿ, ಆಮೇಲೆ’ ಎಂಬ ವಾದ. ‘ಪೆಡ್ರೊ’ಗೆ 2021ರಲ್ಲಿ ಚೀನದ ಪಿಂಗ್ಯಾವೊ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ಬಂದಿತ್ತು. ಮರುವರ್ಷ ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲೇ ಅದಕ್ಕೆ ಜಾಗ ಸಿಗಲಿಲ್ಲ. ಅಂದರೆ ಪ್ರಶಸ್ತಿ ಬಂದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯುತ್ತದೆ ಎಂಬುದೂ ಸುಳ್ಳು. ಪರದೇಶದವರು ಒಳ್ಳೆಯದೆಂದ ಮೇಲೆ ನಾವು ಒಳ್ಳೆಯದೆನ್ನುವುದರಲ್ಲಿ ನಮ್ಮ ಹೆಚ್ಚುಗಾರಿಕೆ ಏನು? ಊಟ ಹಾಕುವ ಹೊತ್ತಿನಲ್ಲಿ ಕದ ಮುಚ್ಚಿಕೊಂಡು, ಕೂಸು ಕುಸ್ತಿ ಗೆದ್ದು ಬಂದಾಗ ಹಾರ ಹಾಕಿದಂತೆ.

ಸ್ವತಂತ್ರ ಚಿತ್ರದ ಕಷ್ಟವೆಲ್ಲ ಇರುವುದು ಅದು ಮುಗಿಯುವ ಮೊದಲೇ. ಚಿತ್ರಕಥೆ ವರ್ಷಗಟ್ಟಲೆ ಟ್ರಂಕಿನಲ್ಲಿ ಕೂತಿರುತ್ತದೆ. ಮಳೆಗಾಲದ ದೃಶ್ಯ ತೆಗೆದಾಗ ಹಣ ಮುಗಿದರೆ ಮುಂದಿನ ಮಳೆಯವರೆಗೆ ಕಾಯಬೇಕು. ಚಿತ್ರೀಕರಣ ಮುಗಿದರೂ ಸಂಕಲನ, ಶಬ್ದಜೋಡಣೆ, ಬಣ್ಣ ತಿದ್ದುವುದು ಎಂದು ಒಂದೊಂದಕ್ಕೂ ದುಡ್ಡು. ಇದು ಗೊತ್ತಿದ್ದೇ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದವರು 2007ರಲ್ಲಿ ಗೋವಾದಲ್ಲಿ ಆರಂಭಿಸಿದ ಫಿಲ್ಮ್ ಬಜಾರಿನಲ್ಲಿ, ಇನ್ನೂ ಪೂರ್ತಿಯಾಗದ ಚಿತ್ರಗಳನ್ನು ಬಲ್ಲವರಿಗೆ ತೋರಿಸಿ ಸಲಹೆ ಪಡೆಯಲೆಂದೇ ಬೇರೊಂದು ವಿಭಾಗ ಮಾಡಿದರು. ಜನರೂ ಇದನ್ನು ಮಾಡಿ ತೋರಿಸಿದ್ದಾರೆ. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಕನ್ನಡದಲ್ಲೇ ಪವನ್ ಕುಮಾರ್ 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನಸಾಮಾನ್ಯರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಓಝರಿನ ವಿಮಾನ ಕಾರ್ಖಾನೆ, ಸಾತಪುರ, ವಾಳೂಜಗಳಲ್ಲಿ ದುಡಿಯುವ, ಬ್ಯಾಂಕು-ಹೋಟೆಲುಗಳಲ್ಲಿ ನೆಲೆನಿಂತ ನಮಗೆ ಇದು ಅಸಾಧ್ಯವೇ?

ನನ್ನ ವಿರೋಧಿಗಳ ಮಾತಿನಲ್ಲಿ ಸತ್ಯವೇ ಇಲ್ಲವೆಂದು ಹೇಳಲಾರೆ. ಪಾಳಿ ಮುಗಿಸಿ ದಣಿದು ಬಂದವನಿಗೆ ನಗು ಬೇಕು, ಹಾಡು ಬೇಕು, ಅದು ತಪ್ಪಲ್ಲ. ಕಲಾತ್ಮಕವೆಂಬ ಹಣೆಪಟ್ಟಿ ಹಚ್ಚಿಕೊಂಡು ಬರುವುದರಲ್ಲಿ ಜೊಳ್ಳೂ ಬೇಕಾದಷ್ಟಿದೆ. ಪ್ರೇಕ್ಷಕನಿಗೆ ತಿಳಿಯದಿದ್ದರೆ ಅದೇ ದೊಡ್ಡಸ್ತಿಕೆ ಎಂದುಕೊಂಡ ನಿರ್ದೇಶಕರೂ ಉಂಟು. ಸಹಾಯಧನದ ಮೇಲೆ ಕಣ್ಣಿಟ್ಟು ಚಿತ್ರ ಸುತ್ತುವವರೂ ಉಂಟು. ಅಂಥವರಿಗೆ ಒಂದು ಕಾಸೂ ಕೊಡಬೇಡಿ. ಆದರೆ ಜೊಳ್ಳನ್ನು ತೂರುವುದು ಕಾಳಿಗಾಗಿ. ತೂರುವುದಕ್ಕೂ ಕಣಕ್ಕೆ ಇಳಿಯಬೇಕು, ನೋಡಬೇಕು. ನೋಡದೆಯೇ ‘ನಮಗಲ್ಲ’ ಎನ್ನುವುದು ವಿಮರ್ಶೆಯಲ್ಲ, ಸೋಮಾರಿತನ.

ನಮಗೆ ಇದರ ಅಗತ್ಯ ಊರಿನಲ್ಲಿರುವವರಿಗಿಂತ ಹೆಚ್ಚು. ನಮ್ಮ ಮಕ್ಕಳಿಗೆ ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡವೆಂದರೆ ಅಜ್ಜಿಯ ಫೋನು. ಸಂಘದಲ್ಲೋ ಉಡುಪಿಯವರದು ಶುದ್ಧವೋ, ಹುಬ್ಬಳ್ಳಿಯವರದೋ, ಮೈಸೂರಿನವರದೋ ಎಂಬ ಹುಸಿಜಗಳ. ಮಂಡ್ಯದ ಮಾತು ‘ತಿಥಿ’ಯಲ್ಲಿದೆ, ಕೊಪ್ಪಳದ ಮಾತು ‘ಶಿವಮ್ಮ’ದಲ್ಲಿದೆ, ಮಲೆನಾಡಿನ ಮಾತು ‘ಪೆಡ್ರೊ’ದಲ್ಲಿದೆ. ಒಂದು ವರ್ಷದಲ್ಲಿ ಈ ಮೂರನ್ನು ತೋರಿಸಿದರೆ ಹತ್ತು ಭಾಷಣ ಮಾಡದ ಕೆಲಸ ಆಗುತ್ತದೆ. ಕವಿರಾಜಮಾರ್ಗದಲ್ಲಿ ಕನ್ನಡನಾಡಿನ ಎಲ್ಲೆ ಗೋದಾವರಿಯವರೆಗೆ ಇತ್ತೆಂದು ನಾವು ಪ್ರತಿ ನವೆಂಬರಿನಲ್ಲಿ ಅದೇ ಗೋದಾವರಿಯ ದಡದಲ್ಲಿ ನಿಂತು ಗುಡುಗುತ್ತೇವೆ. ಸಂಭಾಜಿನಗರದ ಬಂಧುಗಳು ವೇರೂಳದ ಕೈಲಾಸವನ್ನು ಕೊರೆಯಿಸಿದ್ದು ರಾಷ್ಟ್ರಕೂಟರು ಎನ್ನುತ್ತಾರೆ. ತಮ್ಮ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲೂಕೇ ಇದೆ ಎಂದು ಮೀಸೆ ತಿರುವುತ್ತಾರೆ. ಎಲ್ಲವೂ ನಿಜ. ಆದರೆ ಹಿಂದಿನವರು ಕೊರೆದ ಕಲ್ಲಿಗೆ ಮಾತ್ರ ಅಭಿಮಾನ, ಇಂದಿನವನು ಕೊರೆಯುತ್ತಿರುವ ಕಲ್ಲಿಗೆ ತಾತ್ಸಾರ ಎಂದರೆ ಅದು ಎಂಥ ಅಭಿಮಾನ? ಕೈಲಾಸವೂ ಒಂದು ಕಾಲಕ್ಕೆ ಅರ್ಧ ಕೊರೆದ ಬಂಡೆಯೇ ಆಗಿತ್ತಲ್ಲವೆ?

ಬರೀ ಬೈದು ಕೈತೊಳೆದುಕೊಳ್ಳುವವನು ನಾನಲ್ಲ; ನನ್ನ ಸೂಚನೆಗಳು ಇವು. ಒಂದು: ಮೂರು ತಿಂಗಳಿಗೊಂದು ಸ್ವತಂತ್ರ ಕನ್ನಡ ಚಿತ್ರವನ್ನು, ತಯಾರಕರಿಗೆ ಸಲ್ಲಬೇಕಾದ ಹಣ ಸಲ್ಲಿಸಿ, ನಮ್ಮ ಸಭಾಗೃಹದಲ್ಲಿ ತೋರಿಸಬೇಕು, ಕದ್ದ ಪ್ರತಿ ಬೇಡ. ಎರಡು: ಪುಣೆಯಲ್ಲಿ ಸಿನಿಮಾ ಕಲಿಯುತ್ತಿರುವ ಕನ್ನಡದ ಹುಡುಗ ಹುಡುಗಿಯರನ್ನು ವರ್ಷಕ್ಕೊಮ್ಮೆ ಕರೆದು, ಅವರ ಮುಗಿಯದ ಕೆಲಸವನ್ನೇ ತೋರಿಸಲು ಹೇಳಬೇಕು. ಉಳಿಯಲು ನಮ್ಮ ಮನೆಗಳಿವೆ, ಊಟಕ್ಕೆ ನಮ್ಮವರದೇ ಹೋಟೆಲುಗಳಿವೆ. ಮೂರು: ರಾಜ್ಯೋತ್ಸವದ ವೆಚ್ಚದಲ್ಲಿ ಹತ್ತರಲ್ಲೊಂದು ಪಾಲನ್ನು ಕೆಲಸ ನಡೆಯುತ್ತಿರುವ ಒಂದು ಚಿತ್ರಕ್ಕೆ ಕೊಡಬೇಕು, ಅದರ ಲೆಕ್ಕ ಈ ಪತ್ರಿಕೆಯಲ್ಲೇ ಅಚ್ಚಾಗಬೇಕು. ನಾಲ್ಕು: ನೋಡಿದ ಮೇಲೆ ಹಿಡಿಸಿದ್ದು, ಹಿಡಿಸದ್ದು ಎರಡನ್ನೂ ನಿರ್ದೇಶಕರಿಗೆ ಕಾಗದ ಬರೆದು ತಿಳಿಸಬೇಕು. ಹೊಗಳಿಕೆಗಿಂತ ಅವರಿಗೆ ಅದು ಹೆಚ್ಚು ಬೇಕಾಗಿದೆ.

ವಾರ್ಷಿಕ ಸಭೆಯಲ್ಲಿ ಈ ಗೊತ್ತುವಳಿಯನ್ನು ಮತ್ತೆ ಮಂಡಿಸಲಿದ್ದೇನೆ. ನಗುವವರು ನಗಲಿ, ಆದರೆ ಮತ ಹಾಕುವ ಮೊದಲು ಒಂದು ಭಾನುವಾರ ಪಾಂಡವ ಲೇಣಿಯ ಬುಡದ ಆ ಸ್ಮಾರಕಕ್ಕೆ ಹೋಗಿ ಬನ್ನಿ ಎಂದು ಬೇಡಿಕೊಳ್ಳುತ್ತೇನೆ. ಅಲ್ಲಿ ನಿಂತು ಆ ಬಟಾಣಿ ಗಿಡವನ್ನು ನೆನೆಯಿರಿ. ಬೆಳೆದ ಮರದ ನೆರಳಿಗೆ ಚಾಪೆ ಹಾಸಲು ಎಲ್ಲರೂ ಬರುತ್ತಾರೆ. ಕುಂಡದಲ್ಲಿ ಈಗಷ್ಟೇ ಮೊಳೆತದ್ದಕ್ಕೆ ಒಂದು ತಂಬಿಗೆ ನೀರು ಹಾಕುವವರು ನಮ್ಮಲ್ಲಿ ಎಷ್ಟು ಜನ ಎಂಬುದು ಅಂದು ಕೈಯೆತ್ತಿದಾಗ ತಿಳಿಯುತ್ತದೆ.