ಮನೆವಾರ್ತೆ: ಕಳವಾದ ವೀಣೆಯ ಗುರುತು ಹೇಳಬಲ್ಲಿರಾ?

ಚಿನ್ನಕ್ಕೆ ಬೀಗ, ಹಣಕ್ಕೆ ಬ್ಯಾಂಕು. ಮೂಲೆಯ ವೀಣೆಗೋ, ಜಗಲಿಯ ಹಾರ್ಮೋನಿಯಮ್ಮಿಗೋ ಒಂದು ಬಟ್ಟೆ ಹೊದೆಸಿದರೆ ಮುಗಿಯಿತು! ಕಲ್ಲಡ್ಕ, ಬಂಟ್ವಾಳ, ಮೂಡುಬಿದಿರೆ ಕಡೆಯ ಕೆಲವು ಮನೆಗಳಲ್ಲಿ ಚೆಂಡೆ, ಮದ್ದಳೆ, ಜಾಗಟೆಯೂ ಇರುತ್ತವೆ. "ಇದನ್ನೆಲ್ಲ ಯಾರು ಕದೀತಾರೆ ಮಾರಾಯ್ರೆ?" ಅಂತೀರಾ? ಕದಿಯುವವರಿದ್ದಾರೆ, ಸೋದರಿಯರೇ.

ಕಳ್ಳನಿಗೆ ರಾಗ ತಾಳದ ಗೊಡವೆಯಿಲ್ಲ. ಜಾಗಟೆ ಅವನ ಕಣ್ಣಿಗೆ ಬರೀ ಕಂಚು. ಗುಜರಿಯಲ್ಲಿ ತೂಕಕ್ಕೆ ಹಾಕಿದರೆ ಕಾಸು. ಬಿಸ್ಮಿಲ್ಲಾ ಖಾನರ ಬೆಳ್ಳಿಯ ಶಹನಾಯಿಗಳಿಗೂ ಇದೇ ಗತಿಯಾಯಿತು. 2016ರ ಡಿಸೆಂಬರಿನಲ್ಲಿ ಅವು ವಾರಾಣಸಿಯ ಅವರ ಮಗನ ಮನೆಯಿಂದ ಕಾಣೆಯಾದವು. ಮರುತಿಂಗಳು ಪೊಲೀಸರು ಹಿಡಿದದ್ದು ಯಾರನ್ನು? ಖಾನರ ಸ್ವಂತ ಮೊಮ್ಮಗನನ್ನು, ಜೊತೆಗೆ ಇಬ್ಬರು ಆಭರಣ ವ್ಯಾಪಾರಿಗಳನ್ನು! ಮಾರಿದ್ದು 17 ಸಾವಿರ ರೂಪಾಯಿಗೆ ಎಂದರು ಪೊಲೀಸರು. ಬೆಳ್ಳಿಯೇನೋ ಸಿಕ್ಕಿತು, ಕರಗಿದ ಗಟ್ಟಿಯಾಗಿ. ನಾದ ಮರಳಲಿಲ್ಲ.

ಮರದ ವಾದ್ಯದ ಕಥೆ ಬೇರೆ. ಅದು ವಾದ್ಯವಾಗಿಯೇ ಮಾರಾಟವಾಗಬೇಕು: ಹಳೇ ಸಾಮಾನಿನ ಅಂಗಡಿಯಲ್ಲಿ, ಈಗೀಗ ಮೊಬೈಲಿನ ಜಾಹೀರಾತಿನಲ್ಲಿ. ತಂತಿ ಕಟ್ಟಿಸಲು, ಶ್ರುತಿ ಮಾಡಿಸಲು ಇಂದಲ್ಲ ನಾಳೆ ಬಲ್ಲವರ ಕೈಗೆ ಬಂದೀತು. ಅಮೆರಿಕದ ಪಿಟೀಲು ವಾದಕ ರೋಮನ್ ಟೋಟೆನ್‌ಬರ್ಗರ ಪಿಟೀಲು, 1734ರಲ್ಲಿ ಸ್ಟ್ರಾಡಿವೇರಿ ಮಾಡಿದ್ದು, 1980ರಲ್ಲಿ ಕಳವಾಯಿತು. 2015ರಲ್ಲಿ ಒಬ್ಬಾಕೆ ಬೆಲೆ ಕಟ್ಟಿಸಲು ತಂದಾಗ ಪರಿಣಿತರು ಗುರುತು ಹಿಡಿದರು. ವಾದಕರು 2012ರಲ್ಲೇ ತೀರಿಕೊಂಡಿದ್ದರು. ಪಿಟೀಲು ಅವರ ಮೂವರು ಹೆಣ್ಣುಮಕ್ಕಳ ಕೈಸೇರಿತು. ಗುರುತು ಇದ್ದರೆ 35 ವರ್ಷದ ಮೇಲೂ ವಸ್ತು ಮನೆಗೆ ಬರುತ್ತದೆ, ನೋಡಿ!

ಹಾಗಾಗಿ ಈ ಕಿವಿಮಾತು:

* ವಾದ್ಯದ ಫೋಟೋ ಎಲ್ಲ ಬದಿಯಿಂದಲೂ ಇರಲಿ. ಬಿರುಕು, ಬೆಸುಗೆ, ತೇಪೆ ಹತ್ತಿರದಿಂದ ಕಾಣಬೇಕು.
* ಉದ್ದಗಲ, ತಯಾರಕರ ಹೆಸರು, ಹಾರ್ಮೋನಿಯಮ್ಮಿನ ಮನೆಗಳೆಷ್ಟು, ಎಲ್ಲ ಬರೆದು ರಸೀದಿಯೊಡನೆ ಇಡಿ.
* ಕಳವಾದರೆ ಅಂದೇ ದೂರು ಕೊಡಿ. ಎಫ್.ಐ.ಆರ್. ಪ್ರತಿ ಉಚಿತ, ಕೇಳಿ ಪಡೆಯಿರಿ. ಲೋಹದ್ದಾದರೆ ತಡಮಾಡದೆ ಗುಜರಿಯವರಿಗೂ, ಮರದ್ದಾದರೆ ರಿಪೇರಿಯವರಿಗೂ ಸಂಗೀತದ ಮೇಷ್ಟ್ರಿಗೂ ಫೋಟೋ ತಲುಪಿಸಿ.
* ಸಿಕ್ಕಿದ ಮೇಲೆ ಕೋರ್ಟಿಗೆ ಅರ್ಜಿ ಹಾಕಿ, ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ಇಂಥ ವಸ್ತುಗಳನ್ನು ಠಾಣೆಯಲ್ಲಿ ಬಹುಕಾಲ ಕೊಳೆಯಹಾಕಬಾರದೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ನಮ್ಮ ಮಳೆಗಾಲದ ತೇವಕ್ಕೆ ಮರ ತಾಳೀತೆ?
* ಮಗಳಿಗೆಂದು ಹಳೇ ವೀಣೆ ಕೊಳ್ಳುವಿರಾ? ತೀರಾ ಅಗ್ಗವಾದರೆ ಯಾರ ಮನೆಯದೆಂದು ವಿಚಾರಿಸಿ, ರಸೀದಿ ಕೇಳಿ. ಕದ್ದದ್ದೆಂದು ತಿಳಿದೂ ಕೊಂಡರೆ ಅದೂ ಅಪರಾಧವೇ.

ನವರಾತ್ರಿಯ ಶಾರದಾ ಪೂಜೆಗೆ ವಾದ್ಯವನ್ನು ಒರೆಸಿ ಮಣೆಯ ಮೇಲೆ ಇಡುತ್ತೀರಲ್ಲ? ಕುಂಕುಮ ಹಚ್ಚುವ ಮೊದಲು ಒಂದು ಫೋಟೋ ತೆಗೆದಿಡಿ.